ತೈವಾನಿನಿಂದ ಬಂದ ಕರಿ ಸೈಕಲ್ಲು

ಫೆಬ್ರವರಿ 9, ಸೋಮವಾರ, ಬೆಳಿಗ್ಗೆ 9-40ಕ್ಕೆ ಅಫಜಲಪುರ ಪೊಲೀಸ್ ಠಾಣೆಗೆ ಬಂದ ದೂರು ಒಂದು ಸೈಕಲ್ಲಿನದು. ಸೈಕಲ್ಲು ಎಂದರೆ ಠಾಣೆಯಲ್ಲಿ ಯಾರೂ ತಲೆ ಎತ್ತುವುದಿಲ್ಲ. ಹೆಡ್ ಕಾನ್‌ಸ್ಟೇಬಲ್ ಮೌಲಾಲಿಯೂ ಎತ್ತಲಿಲ್ಲ. ಬೆಲೆ ಕೇಳಿದ ಮೇಲೆ ಎತ್ತಿದ.

"ಎಷ್ಟಂದ್ರಿ?"

"ಮೂರೂವರೆ ಲಕ್ಷ ರೀ."

"ಸೈಕಲ್ಲಿಗೆ?"

"ಸೈಕಲ್ಲಿಗೇ ರೀ."

ದೂರು ತಂದವಳು ಯಶೋಧರಾ, ಅತನೂರ ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕಿ. ಕಲ್ಲು-ಕೊರಕಲಿನ ಹಾದಿಯಲ್ಲಿ ಸೈಕಲ್ ಓಡಿಸುವ ಪಂದ್ಯಗಳಲ್ಲಿ ಅವಳ ಹೆಸರಿದೆ. ಹೋದ ವರ್ಷ ಗದಗಿನ ಆಯ್ಕೆ ಪಂದ್ಯದ ಕೊನೆಯ ಇಳಿಜಾರಿನಲ್ಲಿ ಬಿದ್ದು ಹೆಗಲೆಲುಬು ಮುರಿದುಕೊಂಡಿದ್ದಳು. ಹಾಗೇ ಎದ್ದು ಓಡಿಸಿ ಮೂರನೆಯವಳಾಗಿ ಗುರಿ ಮುಟ್ಟಿದ್ದಳು. ರಾಷ್ಟ್ರಮಟ್ಟಕ್ಕೆ ಕಳಿಸುವುದು ಇಬ್ಬರನ್ನು ಮಾತ್ರ. ಈ ವರ್ಷದ ಪಂದ್ಯ ಫೆಬ್ರವರಿ 22, ಭಾನುವಾರ. ಅದಕ್ಕೆಂದೇ ತೈವಾನಿನಿಂದ ಕಾರ್ಬನ್ ಫ್ರೇಮ್ ತರಿಸಿದ್ದಳು. ಮುಂದೆಯೂ ಹಿಂದೆಯೂ ಶಾಕ್ ಅಬ್ಸಾರ್ಬರ್ ಕೂಡುವ, ಒಂದೇ ಕೈಯಲ್ಲಿ ಎತ್ತಬಹುದಾದ ಕರಿ ಫ್ರೇಮ್. ಮುಂಬೈ ಕಸ್ಟಮ್ಸಿನವರು ಅದನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಕೂತರು. ಶಾಕ್ ಪುಣೆಯಿಂದ ಬಂತು. ಹಿಂದಿನ ಚಕ್ರದ ನಡುವೆ ಕೂಡುವ ಹಬ್ ಎರಡು ಸಲ ತಪ್ಪು ಅಳತೆಯದು ಬಂದು ಎರಡು ಸಲವೂ ವಾಪಸು ಹೋಯಿತು. ಎಲ್ಲ ಕೂಡಿ ಬಂದು, ಬಸ್ ನಿಲ್ದಾಣದ ಹಿಂದಿನ ದೇವಿಂದ್ರಪ್ಪನ ಅಂಗಡಿಯಲ್ಲಿ ಸೈಕಲ್ಲು ಸಿದ್ಧವಾಗಿ ನಿಂತ ಮರುದಿನವೇ ಕಳುವಾಗಿತ್ತು.

ಪಿಎಸ್‌ಐ ಅಮರನಾಥ ದೂರು ಓದಿ ಹಣೆ ಉಜ್ಜಿಕೊಂಡ. ಬಂದೋಬಸ್ತು, ಮರಳಿನ ಲಾರಿ, ಹೊಲದ ಬದುವಿನ ಹೊಡೆದಾಟಗಳ ಮೇಲೆ ಇದೊಂದು ಕಡಿಮೆಯಾಗಿತ್ತು. ಕಾರ್ಬನ್ ಎಂದರೆ ಠಾಣೆಗೆ ಗೊತ್ತಿದ್ದದ್ದು ಕಾರ್ಬನ್ ಪೇಪರ್ ಒಂದೇ. ಎಫ್‌ಐಆರ್ ಬರೆಯುವುದಕ್ಕೇ ಮಧ್ಯಾಹ್ನವಾಯಿತು.

ಸ್ಥಳ ಪಂಚನಾಮೆಗೆ ಹೋದಾಗ ದೇವಿಂದ್ರಪ್ಪ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ. ಅರವತ್ತರ ಹತ್ತಿರದ ಮನುಷ್ಯ. ಮೊದಲು ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದವನು, ಮೊಣಕಾಲು ಹಿಡಿದ ಮೇಲೆ ಸೈಕಲ್ಲಿಗೆ ಇಳಿದಿದ್ದ. ಅವನ ಕೈಯಿಂದ ಒಂದು ಸಾಮಾನೂ ಕೆಟ್ಟು ಹೊರಗೆ ಹೋದದ್ದಿಲ್ಲ ಎಂಬ ಮಾತು ಊರಲ್ಲಿತ್ತು.

"ನಿನ್ನೆ ಎಷ್ಟಕ್ಕ ಮುಚ್ಚಿದ್ರಿ?"

"ಏಳಕ್ಕ ರೀ ಸಾಹೇಬ್ರ."

"ಸೈಕಲ್ಲು ಪೂರಾ ಆಗಿತ್ತೇನು?"

"ಪೂರಾ ಆಗಿತ್ರಿ. ಇವತ್ತ ಆಕಿ ಕೈಯಾಗ ಕೊಡೋದಿತ್ತು."

"ಕೀಲಿ ಯಾರ ಹತ್ರ ಇರ್ತದ?"

"ನನ್ನ ಹತ್ರ ಒಂದೇ ರೀ. ಮುರದಾರ, ನೋಡ್ರಿ." ಗರಗಸದಿಂದ ಕೊಯ್ದ ಬೀಗವನ್ನು ಮುಂದೆ ಹಿಡಿದ. ಕಣ್ಣೀರು ಇಳಿಯುತ್ತಿತ್ತು.

ಆ ಅಳು ಸುಳ್ಳಾಗಿರಲಿಲ್ಲ. ಪೊಲೀಸರು ಮೋಸ ಹೋದದ್ದು ಅದಕ್ಕೇ.

ಮಹಿಳಾ ಕಾನ್‌ಸ್ಟೇಬಲ್ ಅನುರಾಧಾ ಬಗ್ಗಿ ಕೂತು ದೊಡ್ಡ ಇಕ್ಕಳ ಕೂಡಿಸಿದ್ದ ಮೇಜಿನ ಕೆಳಗಿನಿಂದ ತೆಂಗಿನ ಚಿಪ್ಪಿನ ಒಂದು ಚೂರು ಹೊರಗೆ ತೆಗೆದಳು. ಅದಕ್ಕೆ ಕುಂಕುಮ ಹತ್ತಿತ್ತು.

"ಸರ್, ಇದು?"

"ದುಕಾನ ಅಂದಮ್ಯಾಲ ಕಾಯಿ ಒಡೀಲಾರದ ಇರ್ತಾರೇನವಾ? ಬರಕೊ, ಮುಂದ ನಡಿ," ಎಂದ ಅಮರನಾಥ.

ಅವಳು ಬರೆದುಕೊಂಡಳು. ಚೂರೂ ಬೀಗವೂ ಬಟ್ಟೆಯಲ್ಲಿ ಕಟ್ಟಿ, ಅರಗಿನ ಮುದ್ರೆ ಹಾಕಿಸಿಕೊಂಡು, ಠಾಣೆಯ ಕಪಾಟು ಸೇರಿದವು. ಅಲ್ಲಿಂದ ಮುಂದಿನದೆಲ್ಲ ಬರೀ ಅಲೆದಾಟ.

ಜೇವರ್ಗಿಯ ಗುಜರಿ ವ್ಯಾಪಾರಿ ಯಾಕೂಬಸಾಬ ಫೋನು ಮಾಡಿದ. "ಸ್ಪ್ರಿಂಗ್ ಇದ್ದದ್ದು ಒಂದು ಬಂದದ ರೀ, ಕರೀದು ಅದ." ಮೌಲಾಲಿ ಜೀಪು ತೆಗೆದುಕೊಂಡು ಓಡಿದ. ಅದು ಚಿಕ್ಕ ಮಕ್ಕಳ ಸೈಕಲ್ಲು, ಸ್ಪ್ರಿಂಗ್ ಇದ್ದದ್ದು ಸೀಟಿನ ಕೆಳಗೆ. ಆಳಂದದಲ್ಲಿ ಬಟ್ಟೆ ವ್ಯಾಪಾರಿಯೊಬ್ಬ ಕರಿ ಸೈಕಲ್ಲು ಓಡಿಸುವ ವಿಡಿಯೋ ಸಿಕ್ಕಿತು. ಅಲ್ಲಿಗೂ ಹೋದರು. ಅವನದು ಅಲ್ಯೂಮಿನಿಯಂ, ಬಿಲ್ಲೂ ಅವನ ಹೆಸರಿನದೇ. ಮೇಲಾಗಿ ಅವನು ಯಾರಿಗೋ ಫೋನು ಹಚ್ಚಿ, ಪೊಲೀಸರು ಮರ್ಯಾದಸ್ಥರ ಮನೆ ಹೊಕ್ಕರು ಎಂದು ಹೇಳಿಸಿದ. ಅಮರನಾಥ ಮೇಲಿನವರಿಂದ ಬೈಸಿಕೊಂಡ. ಯಡ್ರಾಮಿಯಿಂದ ಬಂದ ಸುದ್ದಿಯಂತೂ ಸೈಕಲ್ಲಿನದೂ ಅಲ್ಲ, ಅಂಗವಿಕಲರ ತ್ರಿಚಕ್ರದ್ದು.

ಯಶೋಧರಾ ದಿನಾ ಶಾಲೆ ಬಿಟ್ಟ ಮೇಲೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು. ಅಳುತ್ತಿರಲಿಲ್ಲ, ಜಗಳಾಡುತ್ತಲೂ ಇರಲಿಲ್ಲ. ಅಮರನಾಥನಿಗೆ ಅದೇ ಹೆಚ್ಚು ಸಿಟ್ಟು ತರಿಸುತ್ತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಏನರ ಖಬರ್ ಅದೇನ್ರಿ ಸರ?"

"ಹುಡುಕಾಕತ್ತೇವ್ರಿ."

"ಇಪ್ಪತ್ತೆರಡಕ್ಕ ಪಂದ್ಯ ಅದ ರೀ."

"ಗೊತ್ತದ ರೀ! ದಿನಾ ಹೇಳಬ್ಯಾಡ್ರಿ!"

ಹಾಗೆ ಕೂಗಿದ ಮೇಲೆ ಅವನಿಗೇ ನಾಚಿಕೆಯಾಯಿತು. ಅವಳು ನೀರು ಕುಡಿದು ಎದ್ದು ಹೋದಳು, ಮರುದಿನ ಮತ್ತೆ ಬಂದಳು.

ಫೆಬ್ರವರಿ 17, ಮಂಗಳವಾರ, ಅಮಾವಾಸ್ಯೆ. ಬೆಳಿಗ್ಗೆ 8-15ಕ್ಕೆ ಠಾಣೆಯ ಜೀಪಿಗೆ ಚಾಲಕ ಪರಮೇಶ ಪೂಜೆ ಮಾಡುತ್ತಿದ್ದ. ಊದಿನಕಡ್ಡಿ ಬೆಳಗಿ, ಕುಂಕುಮ ಹಚ್ಚಿ, ಕೊನೆಗೆ ತೆಂಗಿನಕಾಯಿಯನ್ನು ಜೀಪಿನ ಮುಂದಿನ ಕಬ್ಬಿಣದ ಹುಕ್ಕಿಗೇ ಬೀಸಿ ಹೊಡೆದ. ನೀರು ಸಿಡಿದು ಅಮರನಾಥನ ಇಸ್ತ್ರಿ ಪ್ಯಾಂಟಿನ ಮೇಲೆ ಬಿತ್ತು.

"ಏ ಪರಮೇಶ, ಕಲ್ಲು ಇಲ್ಲೇನು ಒಡೀಲಿಕ್ಕ?"

"ಗಾಡಿ ಕಾಯಿ ಗಾಡಿ ಮ್ಯಾಲೇ ಒಡೀಬೇಕ್ರಿ ಸರ. ಟ್ರ್ಯಾಕ್ಟರ್‌ನ್ಯಾವ್ರು ಎಲ್ಲಾರೂ ಹಂಗೇ ಮಾಡ್ತಾರ."

ಪ್ಯಾಂಟು ಒರೆಸಿಕೊಳ್ಳುತ್ತಿದ್ದ ಅಮರನಾಥನ ಕೈ ನಿಂತಿತು. ಮೊದಲು ಯಶೋಧರಾಗೆ ಫೋನು ಹಚ್ಚಿದ.

"ನಿಮ್ಮ ಸೈಕಲ್ಲಿಗೆ ಪೂಜಾ ಮಾಡಿಸಿದ್ರೇನು?"

"ಇಲ್ರಿ ಸರ. ನಮ್ಮ ಮನ್ಯಾಗ ಬುದ್ಧವಂದನಾ ಅಷ್ಟೇ. ಕಾಯಿ, ಕುಂಕುಮ ನಮ್ಮ ಮುತ್ಯಾನ ಕಾಲಕ್ಕೇ ಬಿಟ್ಟೇವಿ. ದೇವಿಂದ್ರಪ್ಪ ಕಾಕಾಗ ಮೊದಲೇ ಹೇಳಿದ್ದೆ, ಬ್ಯಾಡ ಅಂತ. ಹೂಂ ಅಂದಿದ್ರು."

ಅನುರಾಧಾ ಪಂಚರನ್ನು ಕರೆಸಿ, ಅವರ ಎದುರಿಗೆ ಕಪಾಟಿನ ಗಂಟು ಬಿಚ್ಚಿದಳು. ಚಿಪ್ಪಿನ ನಾರಿನಲ್ಲಿ ಉಗುರಿನಷ್ಟು ಒಂದು ಕರಿ ಸಿಬಿರು ಸಿಕ್ಕಿಕೊಂಡಿತ್ತು. ದೂರಿನ ಜೊತೆ ಕೊಟ್ಟ ಫೋಟೋದಲ್ಲಿ ಫ್ರೇಮಿನ ಮೈ ಹೇಗೆ ಬಟ್ಟೆ ನೇಯ್ದಂತಿತ್ತೋ ಸಿಬಿರಿನ ಮೇಲೂ ಅದೇ ನೇಯ್ಗೆ. ಬೀಗ ತಿರುವಿ ನೋಡಿದರು. ಎರಡೂ ಮಗ್ಗುಲಿಗೆ ಇಕ್ಕಳದ ಹಲ್ಲು ಕಚ್ಚಿದ ಗುರುತು. ಅಂಗಡಿಯ ಮೇಜಿಗೆ ಕೂಡಿಸಿದ ಇಕ್ಕಳದಲ್ಲಿ ಹಿಡಿದು ಕೊಯ್ದರೆ ಮಾತ್ರ ಹಾಗೆ ಬೀಳುತ್ತದೆ. ಹೊರಗೆ ಶಟರಿನಲ್ಲಿ ನೇತಾಡುವ ಬೀಗವನ್ನು ಯಾವ ಕಳ್ಳನೂ ಒಳಗಿನ ಇಕ್ಕಳದಲ್ಲಿ ಹಿಡಿಯಲಾರ. ಇಷ್ಟೂ ಮೊದಲ ದಿನವೇ ಕೈಯಲ್ಲಿತ್ತು. ಅಮರನಾಥ ಯಾರನ್ನೂ ಬೈಯಲಿಲ್ಲ. ಬೈಸಿಕೊಳ್ಳಬೇಕಾದವನು ಅವನೇ.

10-30ಕ್ಕೆ ಅಂಗಡಿ.

"ಗಾಡಿ ಕಾಯಿ ಎಲ್ಲಿ ಒಡೀತೀರಿ ದೇವಿಂದ್ರಪ್ಪ?"

ನಟ್ಟು ಬಿಚ್ಚುತ್ತಿದ್ದ ಪಾನಾವನ್ನು ಅವನು ಕೆಳಗಿಟ್ಟ.

"ಸೈಕಲ್ಲಿನ ಮ್ಯಾಲಿನ ದಂಡಿ ಮ್ಯಾಲ ಹೊಡದ್ರಿ. ಹೌದೋ ಅಲ್ಲೋ?"

"…ಹೌದ್ರಿ."

"ಕಾಯಿ ಒಡೀತು."

"ಅದೂ ಒಡೀತ್ರಿ ಸಾಹೇಬ್ರ." ದೇವಿಂದ್ರಪ್ಪ ನೆಲದ ಮೇಲೆ ಕೂತ. "ಇಷ್ಟು ವರ್ಷ ಟ್ರ್ಯಾಕ್ಟರ್ ಮ್ಯಾಲ ಒಡದೇನಿ, ಜೀಪಿನ ಮ್ಯಾಲ ಒಡದೇನಿ. ಮೆತ್ತಗೇ ಹೊಡದೆ ರೀ. ಟಕ್ ಅಂತು. ಹೆಬ್ಬಟ್ಟಿಲೆ ಒತ್ತಿ ನೋಡಿದೆ, ಒಳಗ ಹೋತು."

"ಈಗ ಎಲ್ಲದ?"

"ಅಂದೋಲಾದಾಗ, ತಂಗಿ ಮನ್ಯಾಗ. ಬೀಗ ನಾನೇ ಕೊಯ್ದು, ರಿಪೇರಿ ಮಾಡಾಕ ಅವತ್ತ ರಾತ್ರೀನೇ ಒಯ್ದೆ ರೀ."

ಅಂದೋಲಾದಲ್ಲಿ ತಂಗಿ ಮಲ್ಕಮ್ಮನಿಗೆ ಪೊಲೀಸರು ಯಾಕೆ ಬಂದರೆಂದೇ ತಿಳಿಯಲಿಲ್ಲ. "ಅಣ್ಣ ರಿಪೇರಿಗೆ ತಂದಾನಂತ್ರಿ. ದಿನಾ ಬಸ್ಸಿಗೆ ಬರ್ತಾನ, ಕೂತು ಕೆಲಸ ಮಾಡ್ತಾನ, ಉಣ್ಣಂದ್ರ ಉಣ್ಣಂಗಿಲ್ಲ. ಏನ್ ತಪ್ಪ ಮಾಡ್ಯಾನ್ರಿ?"

ಮಧ್ಯಾಹ್ನ 1-50ಕ್ಕೆ ಜೋಳದ ಕಣಿಕೆಯ ಬಣವೆಯ ಹಿಂದಿನಿಂದ, ಗೋಣಿಚೀಲ ಸುತ್ತಿದ ಸೈಕಲ್ಲನ್ನು ಪಂಚರ ಸಮಕ್ಷಮ ಜಪ್ತು ಮಾಡಲಾಯಿತು. ಸೀಟಿಗೂ ಹ್ಯಾಂಡಲಿಗೂ ನಡುವಿನ ಆ ಮೇಲಿನ ದಂಡಿಯ ಬಿರುಕು ಕಾಣಿಸುತ್ತಲೇ ಇರಲಿಲ್ಲ. ಅದರ ಮೇಲೆ ಎಂ-ಸೀಲ್ ಮೆತ್ತಿ, ಅದು ನಿಲ್ಲದೆ, ದಂಡಿಗೆ ಈ ಕಡೆಯಿಂದ ಆ ಕಡೆಗೆ ನಾಲ್ಕು ತೂತು ಕೊರೆದು, ಕಬ್ಬಿಣದ ಪಟ್ಟಿ ಇಟ್ಟು, ನಟ್ಟು-ಬೋಲ್ಟು ಬಿಗಿದಿದ್ದ. ಬಿಗಿದಲ್ಲೆಲ್ಲ ಹೊಸ ಬಿರುಕು.

ಸಂಜೆ ಯಶೋಧರಾ ಠಾಣೆಗೆ ಬಂದು ಅದನ್ನು ನೋಡಿದಳು. ಫೋಟೋ ತೆಗೆದು ಪುಣೆಯಲ್ಲಿ ಕಾರ್ಬನ್ ರಿಪೇರಿ ಮಾಡುವವನಿಗೆ ಕಳಿಸಿದಳು. ಅವನು ಕೂಡಲೇ ಫೋನು ಮಾಡಿದ. ಬರೀ ಬಿರುಕಾಗಿದ್ದರೆ ಒಂದು ವಾರದ ಕೆಲಸವಿತ್ತು, ತೂತು ಬಿದ್ದ ಮೇಲೆ ಏನೂ ಉಳಿದಿಲ್ಲ ಎಂದ. ಸ್ಪೀಕರಿನಲ್ಲಿ ಬಂದ ಆ ಮಾತನ್ನು ಲಾಕಪ್ಪಿನಲ್ಲಿದ್ದ ದೇವಿಂದ್ರಪ್ಪನೂ ಕೇಳಿದ.

"ಕಾಕಾ, ಅವತ್ತೇ ಹೇಳಬಾರ್ದಿತ್ತೇನು? ಬೈತೀನಿ ಅಂತ ಅಂಜಿದ್ರಾ?"

"ಬೈದಿದ್ರ ಚಲೋ ಇತ್ತವ್ವಾ. ನೀ ಏನೂ ಅನ್ನಂಗಿಲ್ಲ ಅಂತ ಗೊತ್ತಿತ್ತು."

ಎಫ್‌ಐಆರಿನ ಕಲಂಗಳು ಬದಲಾದವು. ನಂಬಿಕೆ ದ್ರೋಹ, ಪೊಲೀಸರಿಗೆ ಸುಳ್ಳು ಮಾಹಿತಿ. 6-20ಕ್ಕೆ ದಸ್ತಗಿರಿ ತೋರಿಸಲಾಯಿತು. ಹೇಳಿಕೆಯ ಕೊನೆಯಲ್ಲಿ ಅಮರನಾಥ, "ಬ್ಯಾಡ ಅಂದಮ್ಯಾಲೂ ಪೂಜಾ ಯಾಕ ಮಾಡಿದಿ?" ಎಂದು ಕೇಳಿದ.

"ಹ್ವಾದ ವರ್ಷ ಆಕಿ ಮಾತು ಕೇಳಿ ಕಾಯಿ ಒಡೀಲಾರದ ಕಳಿಸಿದ್ದೆ ರೀ. ಎಲುವು ಮುರಕೊಂಡು ಬಂದ್ಲು. ಈ ಸಲ ಆಕಿ ಇಲ್ಲದಾಗ ಒಂದು ಕಾಯಿ ಒಡದು, ಒರಸಿ ಇಟ್ರ ಯಾರಿಗೆ ಗೊತ್ತಾಗ್ತದ ಅಂದೆ."

ಮೌಲಾಲಿ ಬರೆಯುವುದನ್ನು ನಿಲ್ಲಿಸಿ ಸಾಹೇಬನ ಮುಖ ನೋಡಿದ. ಬರಕೊ ಎಂದು ಅಮರನಾಥ ಕೈಸನ್ನೆ ಮಾಡಿದ.

ಮರುದಿನ ಆರೋಪಿಯನ್ನು ಕೋರ್ಟಿಗೆ ಒಯ್ಯುವ ಮೊದಲು ಯಶೋಧರಾ ಮತ್ತೆ ಬಂದಳು. ಈ ಸಲ ತನ್ನ ಹಳೇ ಸೈಕಲ್ಲು ತಂದಿದ್ದಳು.

"ಸರ, ಭಾನುವಾರ ಇದರ ಮ್ಯಾಲೇ ಹೋಗಾಕಿ. ಗೇರು ಕೂಡವಲ್ದು. ಕಾಕಾನ್ನ ಹತ್ತು ಮಿನಿಟ ಹೊರಗ ಬಿಡ್ರಿ."

"ಆರೋಪಿ ಕೈಯಾಗ ಪಾನಾ ಕೊಡಾಕ ಬರಂಗಿಲ್ರಿ."

"ಊರಾಗ ಬ್ಯಾರೆ ಯಾರಿಗೆ ಬರ್ತದ್ರಿ ಇದು?"

ಅಮರನಾಥ ಎದ್ದು ಹೊರಗೆ ಹೋಗಿ, ನೋಡದವನಂತೆ ಜೀಪಿನ ಹತ್ತಿರ ನಿಂತ. ಯಶೋಧರಾ ಸೈಕಲ್ಲನ್ನು ಲಾಕಪ್ಪಿನ ಸರಳಿನ ಮುಂದೆ ತಲೆಕೆಳಗು ಮಾಡಿ ನಿಲ್ಲಿಸಿದಳು. ಒಳಗಿನಿಂದ ದನಿ ಕೇಳಿಸುತ್ತಿತ್ತು.

"ಹಿಂದಿನ ಸ್ಕ್ರೂ ಎಡಕ್ಕ ತಿರುಗಿಸು. ಮೆತ್ತಗ. ಸಾಕು, ಸಾಕು. ಈಗ ಪೆಡ್ಲ್ ಹೊಡಿ."

ಚೈನು ಒಂದು ಹಲ್ಲಿನಿಂದ ಇನ್ನೊಂದಕ್ಕೆ ಸರಿಯಾಗಿ ಏರಿತು. ಅವಳು ಸೈಕಲ್ಲು ನೆಟ್ಟಗೆ ಮಾಡಿ, ಕೈ ಒರೆಸಿಕೊಂಡು, ಬಾಗಿಲವರೆಗೆ ನಡೆದು ನಿಂತಳು.

"ಕಾಕಾ, ಇದಕ್ಕೂ ಕದ್ದು ಕಾಯಿ ಒಡದಿದ್ರೇನು?"

"ಇಲ್ಲವ್ವಾ. ನಿನ್ನ ಆಣಿ, ಇದಕ್ಕ ಒಡದಿಲ್ಲ."

"ಬೇಶ್ ಆತು," ಎಂದು ಅವಳು ಸೈಕಲ್ಲು ಹತ್ತಿ ಶಾಲೆಗೆ ಹೋದಳು.