ತೊಳೆದ ಕರುಳು

2024ರ ಜನವರಿ 18, ಗುರುವಾರ, ಬೆಳಿಗ್ಗೆ 6 ಗಂಟೆ 40 ನಿಮಿಷ. ಕೊಲ್ಹಾಪುರದ ಕಾಲೇಜಿನ ಲ್ಯಾಬ್ ಮುಂದೆ ಜೋತಿಬಾನ ಬೈಕು ನಿಂತಿತು. ಸುಳಕೂಡದ ಕುರಿಗಾರ ಅವನು. ಮಟನ್ ಅಂಗಡಿಗೆ ಕುರಿ ಕೊಟ್ಟ ದಿನ, ಆಗಷ್ಟೇ ಕೊಯ್ದ ಕುರಿಯ ಕರುಳನ್ನು ಐಸ್ ಡಬ್ಬಿಯಲ್ಲಿಟ್ಟು, ಅಲ್ಲಿ ಸಂಶೋಧನೆ ಮಾಡುವ ಮೋನಾಲಿಗೆ ತಂದುಕೊಡುತ್ತಿದ್ದ.

ಡಬ್ಬಿ ಕೊಡುವಾಗ ಅವನ ಬೆರಳು ಬೇಕೆಂದೇ ತಡಮಾಡುತ್ತಿತ್ತು. ಅವಳೂ ಬೇಕೆಂದೇ ನೋಡದವಳಂತಿರುತ್ತಿದ್ದಳು.

ಈ ಕರುಳಿನಲ್ಲಿ ಏನು ಹುಡುಕುತ್ತೀರಿ ಎಂದು ಅವನು ಹಿಂದೊಮ್ಮೆ ಕೇಳಿದ್ದ. ಶಹಾಪುರದ ಮಗ್ಗದ ಮನೆಯ ಹುಡುಗಿಯಾದ ಮೋನಾಲಿ ನೂಲಿನ ಹೋಲಿಕೆಯಲ್ಲೇ ವಿವರಿಸಿದ್ದಳು: ಜೀವಕೋಶದೊಳಗೆ ನೂಲಿನಂಥ ದಾರಿಗಳಿವೆ, ಅನ್ನ ಕರಗಿಸುವ ಕಿಣ್ವ ಆ ದಾರಿ ಹಿಡಿದು ಕರುಳಿನ ಒಳಮೈಗೆ ಬರುತ್ತದೆ, ಕೀಲುನೋವಿಗೆ ಕೊಡುವ ಕೋಲ್ಚಿಸಿನ್ ಔಷಧಿ ಆ ನೂಲನ್ನೇ ಬಿಚ್ಚಿಹಾಕುತ್ತದೆ.

“ಆಮ್ಯಾಲ ಮಾಲು ಎಲ್ಲಿಗಿ ಹೋಗತೈತ್ರಿ?”

“ಒಂದಿಷ್ಟು ಒಳಗ ಉಳೀತೈತಿ. ಒಂದಿಷ್ಟು ಹಿತ್ತಲ ಬಾಗಲಕ್ಕ ಹೋಗತೈತಿ.”

“ನನ್ನ ಮಾತಿನಂಗ ಆತಲ್ರಿ,” ಎಂದು ನಕ್ಕಿದ್ದ.

ಇಂದು ನಗಲಿಲ್ಲ. “ಐತವಾರ ಗಡಹಿಂಗ್ಲಜಕ್ಕ ಹೆಣ್ಣು ನೋಡಾಕ ಕರದಾರ. ಹೋಗ್ಲೇನ್ರಿ?”

ಬೇಡ ಎನ್ನುವ ಮಾತು ಮೋನಾಲಿಯ ತುಟಿಯವರೆಗೆ ಬಂದಿತ್ತು. ಇನ್ನೊಂದು ಗಳಿಗೆ ಅವನನ್ನು ಕಾಯಿಸುವ ಆಸೆಯಿಂದ, ಮೊದಲು ಇದನ್ನು ನೋಡುತ್ತೇನೆ ಎಂದು ಡಬ್ಬಿಯನ್ನು ಒಳಗಿನ ಮೇಜಿನ ಮೇಲಿಟ್ಟು ಮುಚ್ಚಳ ತೆರೆದಳು.

ಕರುಳು ಬೆಳ್ಳಗೆ ಹೊಳೆಯುತ್ತಿತ್ತು. ಅರಿಸಿನದ ವಾಸನೆ. ಅಡುಗೆಗೆ ಮಾಡುವ ಹಾಗೆ ಒಳಗನ್ನು ಹೊರಗು ಮಾಡಿ, ಬಿಸಿನೀರಿನಲ್ಲಿ ತಿಕ್ಕಿ ತೊಳೆದಿದ್ದ. ಕಿಣ್ವವಿರುವ ಒಳಪದರವೇ ಕೆರೆದುಹೋಗಿತ್ತು. ಕಿಣ್ವ ಅಳೆಯಲು ಅವಳು ತಿಂಗಳಿಂದ ಕಾದಿದ್ದ ಯಂತ್ರ ಅವಳ ಪಾಲಿಗೆ ಸಿಗುವುದು ಅಂದೊಂದೇ ದಿನ.

“ತೊಳೀರಿ ಅಂತ ಯಾರ ಹೇಳಿದ್ರು ನಿಮಗ? ಕುರಿ ಕಾಯಾವ್ರ ಕೈಯಾಗ ಕೊಟ್ಟಿದ್ದ ನಂದ ತಪ್ಪು.”

ಪಕ್ಕದ ಮೇಜಿನ ಸೌರಭ ಕಿಸಕ್ಕನೆ ನಕ್ಕ. ಹೋದ ವಾರ ಮೋನಾಲಿಯ ಕೈ ಹಿಕ್ಕೆ ನಾರುತ್ತದೆಂದು ಮೂಗು ಮುಚ್ಚಿಕೊಂಡವನೂ ಅವನೇ. ಆಗ ಜೋತಿಬಾ ಬಾಗಿಲಲ್ಲೇ ನಿಂತಿದ್ದ.

“ನಿಮ್ಮ ಕೈ ನಾರಬಾರ್ದಂತ ತೊಳದೆ,” ಎಂದಷ್ಟೇ ಹೇಳಿ ಜೋತಿಬಾ ಮೆಟ್ಟಿಲಿಳಿದ.

ನಿಲ್ಲಿ ಎನ್ನಬೇಕಿತ್ತು. ಸೌರಭ ನೋಡುತ್ತಿದ್ದ. ಅವಳು ಡಬ್ಬಿಯ ಮುಚ್ಚಳ ಹಾಕಿದಳು.

ಮತ್ತೆ ಯಂತ್ರ ಸಿಕ್ಕಾಗ ಡಬ್ಬಿ ತಂದವನು ಜೋತಿಬಾನ ಕಾಕಾ ಧೊಂಡಿಬಾ. ಕರುಳು ಅವಳಿಗೆ ಬೇಕಾದಂತೆಯೇ ಇತ್ತು, ತೊಳೆಯದೆ. ಜೊತೆಗೆ ಪೇಢೆಯ ಪೊಟ್ಟಣ.

“ಜೋತಿಬಾನ ಲಗ್ನ ನಿಕ್ಕಿ ಆತ್ರಿ, ಗಡಹಿಂಗ್ಲಜದಾಗ ಸಾಖರಪುಡಾ ಮಾಡಿ ನಿಶ್ಚಯ ಮಾಡಿದ್ವಿ. ಬಾಯಿ ಸಿಹಿ ಮಾಡಕೋರಿ. ಕರುಳ ಮಾತ್ರ ತೊಳೀಬ್ಯಾಡ ಅಂತ ಭಾಳ ಸರ್ತಿ ಹೇಳಿ ಕಳಿಸ್ಯಾನ.”

ಅಂದು ಸಂಜೆ ಕೆಲಸ ಮುಗಿದ ಮೇಲೂ ಅವಳು ಕೈ ತೊಳೆಯದೆ ಕೂತಿದ್ದಳು. ಪ್ರಯೋಗ ಸರಿಯಾಗಿ ಬಂದಿತ್ತು. ಔಷಧಿ ತಾಗದ ಕೋಶಗಳಲ್ಲಿ ಒಳಮೈಗೆ ತಲುಪಿದ ಕಿಣ್ವವನ್ನು ನೂರೆಂದು ಹಿಡಿದರೆ, ಔಷಧಿ ತಾಗಿದವುಗಳಲ್ಲಿ ತಲುಪಿದ್ದು 31. ಮಿಕ್ಕಿದ್ದು ಒಳಗೇ ಉಳಿದಿತ್ತು, ಇಲ್ಲವೇ ಹಿತ್ತಲ ಬಾಗಿಲಿಗೆ ಹೋಗಿತ್ತು.