‘ಎಂ’ ಅಕ್ಷರದ ಪ್ರತಿ

ಚಾಕುವಿನ ಮೊನೆ ನನ್ನ ಗಂಟಲಿಗೆ ತಾಗಿತ್ತು.

ರಟ್ಟು ಕತ್ತರಿಸುವ ಚಾಕು! ಹಿಡಿದಿದ್ದವನು ಪಂಚಾಕ್ಷರಿ... ಐವತ್ತು ದಾಟಿದ ಇಂಜಿನಿಯರ್. ಅಮೆರಿಕದ ಡೌನರ್ಸ್ ಗ್ರೋವ್ ಊರಿನಲ್ಲಿ ಅವನದೇ ಗ್ಯಾರೇಜ್. ಮಟಮಟ ಮಧ್ಯಾಹ್ನ.

“ಹೊರಗ ನಡಿ, ಶಾಝಿಯಾ!”

“ಚಾಕು ಇಳಿಸಿ, ಅಂಕಲ್.”

ಅಂಕಲ್! ನಮ್ಮವರ ಗ್ರಹಚಾರ ನೋಡಿ. ಕೊಲ್ಲಲು ಬಂದವನನ್ನೂ ಅಂಕಲ್ ಅನ್ನಬೇಕು.

ಮೇಜಿನ ಮೇಲೆ ಪುಸ್ತಕ ತೆರೆದು ಬಿದ್ದಿತ್ತು. ಪಕ್ಕದಲ್ಲಿ ರಬ್ಬರ್. ಪುಟದ ತುಂಬ ರಬ್ಬರ್ ಪುಡಿ.

ನನ್ನ ರಕ್ತ ಕುದಿಯಿತು.

ಕಳೆದದ್ದನ್ನು ಹುಡುಕಿಕೊಡುವುದು ನನ್ನ ಕಸುಬು. ಈ ಪುಸ್ತಕ ನಾರ್ತ್‌ವಿಲ್‌ನ ಫಹಮೀದಾ ಆಂಟಿಯದು. ದೆವ್ವದ ಕಾದಂಬರಿ. ಆಡಿನ ಚರ್ಮದ ರಟ್ಟು, ಕೈಹೊಲಿಗೆ, ಲೇಖಕರ ಸಹಿ. ಜಗತ್ತಿನಲ್ಲಿ ಇಪ್ಪತ್ತಾರೇ ಪ್ರತಿ, ಒಂದೊಂದಕ್ಕೂ ಒಂದು ಅಕ್ಷರ, ‘ಎ’ಯಿಂದ ‘ಝಡ್’ವರೆಗೆ. ಇದು ‘ಎಂ’. ಆಂಟಿಯ ಗಂಡ ಮಕ್ಸೂದ್ ಹಠ ಹಿಡಿದು ಪಡೆದ ಅಕ್ಷರ.

ಕಾಯಿಲೆ ಬಿದ್ದು ಮಲಗಿದಾಗ ಅವರು ಪ್ರತಿ ಅಧ್ಯಾಯದ ಅಂಚಿನಲ್ಲೂ ಹೆಂಡತಿಗೆಂದು ಪೆನ್ಸಿಲ್‌ನಲ್ಲಿ ಏನೋ ಬರೆದಿಟ್ಟರು. ‘ಇಲ್ಲಿ ಹೆದರ್ತೀಯ, ಲೈಟ್ ಹಾಕ್ಕೋ’ ಅಂತೆಲ್ಲ. ಅವರು ಹೋದ ಮೇಲೆ ಆಂಟಿ ಶುಕ್ರವಾರಕ್ಕೊಂದು ಅಧ್ಯಾಯ ಓದುತ್ತಿದ್ದರು. ಮೂವತ್ತರಲ್ಲಿ ಹತ್ತೊಂಬತ್ತು ಮುಗಿದಿತ್ತು. ಮುಂದಿನದನ್ನು ಇಣುಕಿಯೂ ನೋಡಿರಲಿಲ್ಲ.

ಆಗ ಬಂದ ಈ ಪಂಚಾಕ್ಷರಿ! ಇದೇ ಕಾದಂಬರಿಯ ಎಲ್ಲ ಮುದ್ರಣಗಳೂ ಇವನ ಕಪಾಟಿನಲ್ಲಿ... ಈ ಚರ್ಮದ್ದೊಂದು ಬಿಟ್ಟು. “ಪುಸ್ತಕಕ್ಕ ಚಂದನ್ನ ಪೆಟ್ಟಿಗಿ ಮಾಡಿಸಿ ಕೊಡ್ತೀನ್ರಿ” ಅಂತ ಒಯ್ದ. ವಾಪಸ್ ಬಂದ ಪೆಟ್ಟಿಗೆಯಲ್ಲಿದ್ದದ್ದು ಚರ್ಮದ ಹಾಗೇ ಕಾಣುವ ಅಗ್ಗದ ಪ್ರತಿ, ಪ್ಲಾಸ್ಟಿಕ್ ಸುತ್ತಿದ್ದು. ಸಂಗ್ರಹಕಾರರು ಆ ಪ್ಲಾಸ್ಟಿಕ್ ಬಿಚ್ಚುವುದೇ ಇಲ್ಲ. ಓದುವುದಕ್ಕೆಂದು ಬಿಚ್ಚುವವರೂ ಇರುತ್ತಾರೆ ಎಂದು ಈ ಬುದ್ಧಿವಂತನಿಗೆ ಹೊಳೆಯಲಿಲ್ಲ!

ಶುಕ್ರವಾರ ಆಂಟಿ ಪ್ಲಾಸ್ಟಿಕ್ ಹರಿದರು. ಅಂಚುಗಳೆಲ್ಲ ಖಾಲಿ.

“ಗೀಚಿ ಗೀಚಿ ಹಾಳು ಮಾಡ್ಯಾನ ಆಂವ!” ಪಂಚಾಕ್ಷರಿ ಹಲ್ಲು ಕಡಿದ. “ಲಿಮಿಟೆಡ್ ಎಡಿಷನ್ ಐತಿ ಇದು! ನಾ ಸ್ವಚ್ಛ ಮಾಡಾಕತ್ತೀನಿ!”

ನನ್ನ ತಾಳ್ಮೆಯೂ ಲಿಮಿಟೆಡ್ಡೇ.

ಬೆಳಿಗ್ಗೆ ಅವನ ತಾಯಿ ಮಲ್ಲಮ್ಮನ ಜೊತೆ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದ್ದೆ. ಯಾರ ದನಿಯನ್ನಾದರೂ ಕದಿಯಲು ನನಗೆ ಅಷ್ಟು ಸಾಕು.

“ಪಂಚೂ! ಏನ್ ಮಾಡಾಕತ್ತಿಯೋ ಅಲ್ಲಿ?”

ತಾಯಿಯ ದನಿ ಕೇಳಿ ಬೆಚ್ಚಿ ತಿರುಗಿದ. ಮಣಿಕಟ್ಟು ತಿರುಚಿದೆ. ಚಾಕು ನೆಲಕ್ಕೆ!

ಆದರೆ ಪುಸ್ತಕ ಬಾಚಿಕೊಂಡು ಕಾರಿಗೆ ಹಾರಿದ.

ಹಿಂದೆಯೇ ನನ್ನ ಕಾರು. ಆಗ್ಡೆನ್ ಅವೆನ್ಯೂ... ಅವನು ಕೆಂಪು ಸಿಗ್ನಲ್ ಹಾರಿಸಿದ. ನಾನೂ ಹಾರಿಸಿದೆ. ಮೇನ್ ಸ್ಟ್ರೀಟ್‌ಗೆ ತಿರುಗಿದ... ರೈಲ್ವೆ ಗೇಟು ಬಿತ್ತು! ಗೂಡ್ಸ್ ರೈಲು. ಮುಗಿಯದ ಗೂಡ್ಸ್ ರೈಲು!

ಗಾಡಿ ಪಕ್ಕಕ್ಕೆ ಬಿಟ್ಟು ಓಡಿದೆ. ಅವನ ಪಕ್ಕದ ಸೀಟಿನಲ್ಲಿ ಕುಳಿತು ಪುಸ್ತಕ ಕಿತ್ತುಕೊಂಡೆ.

ಇಪ್ಪತ್ತು, ಇಪ್ಪತ್ತೊಂದು... ಬರಹ ಇತ್ತು. ಕೊನೆಯ ನಾಲ್ಕು ಅಧ್ಯಾಯ ಬೋಳು!

“ಕೊನೀ ಪುಟದಿಂದ ಶುರು ಮಾಡಿದ್ದೆ...” ಅಂದ.

“ಓದದೇ ಅಳಿಸಿದ್ರಾ?”

ಸ್ಟಿಯರಿಂಗ್ ನೋಡುತ್ತ ಕುಳಿತ. “ಓದೀನಿ. ನಾಲ್ಕೂ ಬಾಯಿಗೆ ಬರ್ತಾವ. ಮೊನ್ನಿಯಿಂದ ನಿದ್ದಿ ಇಲ್ಲ.”

“ಗಾಡಿ ತಿರುಗಿಸಿ ಅಂಕಲ್. ನಾರ್ತ್‌ವಿಲ್‌ಗೆ.”

“ಇಲ್ಲಂದ್ರ?”

“ಮಲ್ಲಮ್ಮನೋರ ಹತ್ರ ನನ್ನ ಸ್ವಂತ ದನಿಯಲ್ಲಿ ಮಾತಾಡ್ತೀನಿ.”

ತಿರುಗಿಸಿದ.

ಫಹಮೀದಾ ಆಂಟಿ ಬೋಳು ಪುಟಗಳನ್ನು ಬೆರಳಿನಿಂದ ಸವರಿದರು. ಬಯ್ಯಲಿಲ್ಲ. ನನಗೇ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು.

“ಕೊನೀ ಅಧ್ಯಾಯದಾಗ ಏನ್ ಬರದಿದ್ರಂದ್ರ...” ಪಂಚಾಕ್ಷರಿ ಶುರು ಮಾಡಿದ.

“ಹೇಳ್ಬೇಡಿ!” ಆಂಟಿ ಗದರಿದರು. “ನಾನಿನ್ನೂ ಇಪ್ಪತ್ತಕ್ಕೇ ಬಂದಿಲ್ಲ. ಇಪ್ಪತ್ತೇಳು ಬಂದಾಗ ಕರೀತೀನಿ. ಆಮೇಲೆ ನಾಲ್ಕು ಶುಕ್ರವಾರ ಬಂದು ಒಂದೊಂದೇ ಹೇಳಿ. ಒಂದು ಅಕ್ಷರ ತಪ್ಪಬಾರ್ದು.”

“ಫೋನಿನ್ಯಾಗ ಹೇಳಿದ್ರ...”

“ಎದುರಿಗೆ ಕೂತು!”

ಅವನ ಮನೆಯಿಂದ ಇಲ್ಲಿಗೆ, ಒಂದು ಕಡೆಗೇ ಇನ್ನೂರ ಎಂಬತ್ತು ಮೈಲಿ. ಬರಲಿ.

ಕತ್ತು ಹಿಸುಕಬೇಕಾದವನನ್ನು ಬಿಟ್ಟು ಕಳಿಸಿದೆ. ಮಕ್ಸೂದ್ ಬರೆದ ಆ ನಾಲ್ಕು ಮಾತು ಈಗ ಇರುವುದು ಅವನ ತಲೆಯಲ್ಲಿ ಮಾತ್ರ. ಇನ್ನು ಹನ್ನೊಂದು ವಾರ ಆ ಕಳ್ಳನಿಗೆ ಕೆಮ್ಮು ಬಂದರೂ ಕಷಾಯ ಕುಡಿಸಬೇಕಾದವಳು ನಾನೇ!