ವಡವೆ, ಒಡವೆ

ಲೋಹಶ್ರಾವಿ ಎಂಬ ಉಪಕರಣವು ತನ್ನ ತೆಳುಸೂಜಿಯನ್ನು ಬೇರಿಂಗಿನ ಮೇಲೂರಿ, ನೂರೈವತ್ತು ವರ್ಷಗಳ ಹಿಂದಿನ ಮಾತನ್ನು ಅರಸತೊಡಗಿತು. ಹಾಲಗುಂಡಿ ಜಲವಿದ್ಯುದಾಗಾರದ ಮೊದಲ ಯಂತ್ರದೆದುರು ವೇದವ್ಯಾಸಾಚಾರ್ಯರು ಕೈಮುಗಿದು ನಿಂತಿದ್ದರು. ಆಕಾಶದ ಸೌರಕೇಂದ್ರಗಳೇ ನಾಡನ್ನು ಬೆಳಗುವ ಈ ಕಾಲದಲ್ಲಿ ಆಗಾರವು ವಸ್ತುಸಂಗ್ರಹಾಲಯವಾಗಿತ್ತು. ಅವರು ಅದರ ಪಾಲಕರು.

"ಹೊಯ್ದ ಲೋಹ ತಣಿಯುವಾಗ ಸುತ್ತಲಿನ ಸದ್ದು ಅದರ ಕಣಗಳಲ್ಲಿ ಅಚ್ಚೊತ್ತುತ್ತದೆ. ಆ ಕಣಸ್ಮೃತಿಯನ್ನು ಇದು ಓದುತ್ತದೆ," ಎಂದು ವಿಜ್ಞಾನಿ ಚಿನ್ಮಯಿ ವಿವರಿಸಿದಳು. "ಈ ಬೇರಿಂಗನ್ನು ಇಲ್ಲಿಯೇ ಹೊಯ್ದರಂತಲ್ಲ?"

ಯಂತ್ರಕ್ಕೆ ಹೆಸರಿಟ್ಟದ್ದೂ ಅದನ್ನು ಹೊಯ್ದ ದಿನವೇ. ಯಾವ ಹೆಸರು ಎಂಬುದೇ ಜಗಳ. ಹೊರಗೆ ಶಿಲ್ಪಿಯು ಆ ಹೆಸರನ್ನು ಕೆತ್ತಲು ಶಾಸನದ ಕಲ್ಲನ್ನು ನುಣುಪುಗೊಳಿಸಿ ಕಾದಿದ್ದ. ಕಡಲೊಳಗೆ ವಡವೆಯ, ಎಂದರೆ ಹೆಣ್ಣುಕುದುರೆಯ, ಮುಖದಿಂದ ಉರಿಯುವ ಬೆಂಕಿಯನ್ನು ಪುರಾಣಗಳು ವಡವಾಗ್ನಿ ಎನ್ನುತ್ತವೆ. ನೀರಿನಿಂದ ಬೆಳಕು ಹುಟ್ಟಿಸುವ ಯಂತ್ರಕ್ಕೆ 'ವಡವೆ'ಯಲ್ಲದೆ ಬೇರೆ ಹೆಸರುಂಟೆ? ಆಚಾರ್ಯರು ತಮ್ಮ ಪಾಂಡಿತ್ಯವನ್ನೆಲ್ಲ ಪಣವಿಟ್ಟು ಸಾಧಿಸಿದ್ದು ಇದನ್ನೇ. ಕಾರ್ಮಿಕರ ಕಾಲೊನಿಯವರಿಗೋ ಅದು 'ಒಡವೆ'. ಅಲ್ಲಿಯ ಮದುಮಗಳು ತನ್ನ ಚಿನ್ನವನ್ನು ಯಂತ್ರಕ್ಕೆ ಮುಟ್ಟಿಸಿದ ಮೇಲೆಯೇ ತೊಡುವುದು.

"ಏನ್ ಆಚಾರ್ರೇ, ನಿಮ್ ಕುದ್ರೆ ಇನ್ನೂ ಕೆನೀಲಿಲ್ವಾ?" ಕಾಲೊನಿಯ ಹಿರಿಯಳಾದ ಪುಟ್ಟಸಿದ್ದಮ್ಮ ಕೆಣಕಿದಳು. "ನಮ್ಮವ್ವ ಓಲೆ ಮುಟ್ಸಿದ್ದು ಇದ್ಕೇಯ. ಕುದ್ರೆ ಅಂತ ಕೆತ್ತುಸ್ಬುಟ್ರೆ ನಮ್ ಹೆಣ್ಮಕ್ಳು ಲಾಳ ತೊಡ್ಬೇಕಾ?"

"ತಾಯೀ, ನಾಲಗೆ ಜಾರಿದ್ದು ನಿಮ್ಮವರದು. ಈಗ ಕೇಳುವಿರಂತೆ."

ಲೋಹಶ್ರಾವಿಯಿಂದ ಜಲಪಾತದ ಮೊರೆತ ಕೇಳಿಸಿತು. ಅದರ ನಡುವೆ ಮೊದಲ ಎಂಜಿನಿಯರರ ಗಂಭೀರ ಕಂಠ: "ನೀರಿನೊಳಗಿನ ಬೆಂಕಿ ಇವಳು. ಇವಳ ಹೆಸರು ವಡವೆ."

ಆಚಾರ್ಯರ ಎದೆ ಉಬ್ಬಿತು. ಪುಟ್ಟಸಿದ್ದಮ್ಮ ಸೆರಗನ್ನು ಓಲೆಯ ಮೇಲೆಳೆದುಕೊಂಡಳು. ಶಿಲ್ಪಿಯನ್ನು ಕರೆಯಲು ಅವರು ತಿರುಗಿದರು.

"ತಾಳಿ," ಚಿನ್ಮಯಿ ತಡೆದಳು. "ಲೋಹ ಇನ್ನೂ ತಣಿದಿಲ್ಲ."

ಮತ್ತೊಂದು ದನಿ, ದುಡಿದು ಒರಟಾದದ್ದು: "ಒಡವೇನಾ ಬುದ್ಧಿ? ಸರ್ಯಾಗ್ ಯೋಳುದ್ರಿ! ನಮ್ ಹೆಣ್ಣೈಕ್ಳ ಮೈಮ್ಯಾಲೆ ಗುಂಜಿ ಚಿನ್ನಿಲ್ಲ. ಇನ್ಮ್ಯಾಕೆ ಇದೇಯ ಅವ್ರ ಒಡವೆ."

ಆಮೇಲೆ ಎಂಜಿನಿಯರರ ತುಂಬುನಗೆ: "ಹಾಗೇ ಆಗಲಪ್ಪ. ನಾನಿಟ್ಟದ್ದಕ್ಕಿಂತ ನೀನು ಕೇಳಿಸಿಕೊಂಡದ್ದೇ ಚೆಂದ. ಒಡವೆ!"

ಸದ್ದು ನಿಂತಿತು. ನೀರಿನಿಂದ ಬೆಳಕು ತೆಗೆದ ನಾಡು ಅದೇ ದಿನ ತಪ್ಪಾಗಿ ಕೇಳಿಸಿಕೊಂಡ ಮಾತಿನಿಂದಲೂ ಬೆಳಕು ತೆಗೆದಿತ್ತು. ಆಚಾರ್ಯರು ಬಾಗಿಲಿಗೆ ಬಂದು ಶಿಲ್ಪಿಗೆ ಕೂಗಿ ಹೇಳಿದರು: "ವಕಾರ ಬೇಡಪ್ಪ, ಒಕಾರ ಕೆತ್ತು. ದೊಡ್ಡದಾಗಿ ಕೆತ್ತು!"

ಒಳಬಂದವರು ತಮ್ಮ ಬೆರಳಿನ ಪವಿತ್ರದುಂಗುರವನ್ನು ತೆಗೆದು, ಯಂತ್ರಕ್ಕೆ ಮುಟ್ಟಿಸಿ, ಮತ್ತೆ ತೊಟ್ಟುಕೊಂಡರು.

"ಲಾಳ ಅಲ್ವಲ್ಲಾ, ಆಚಾರ್ರೇ?" ಎಂದಳು ಪುಟ್ಟಸಿದ್ದಮ್ಮ.